ಹಾಡುವ ಮನೆಗೆ ಯಾವ ಸಾಫ್ಟ್‌ವೇರ್? ಓದುಗರ ಪ್ರಶ್ನೆ, ಅಟ್ಟದ ಮೇಲಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು ಕಂಪ್ಯೂಟರಿಗೆ ಯಾವ ಪ್ರೋಗ್ರಾಮ್ ಹಾಕಿಕೊಳ್ಳಬೇಕು? ಶಿರಸಿಯ ನಮ್ಮ ಮನೆಯ ಅಟ್ಟದ ಮೇಲೆ ಹದಿನೆಂಟು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಅರ್ಧ ಜಾಗದಲ್ಲಿ ಅಡಿಕೆ ಚೀಲ, ಇನ್ನರ್ಧದಲ್ಲಿ ಮೈಕು. ಮಾಡಿ ನೋಡಿದ್ದನ್ನು ಬರೆಯುತ್ತೇನೆ.

ಪ್ರಶ್ನೆ: ಮಗಳು ಹಿಂದೂಸ್ತಾನಿ ಕಲಿಯುತ್ತಿದ್ದಾಳೆ, ನಾನು ಭಾವಗೀತೆ ಹಾಡುತ್ತೇನೆ. ಹಾರ್ಮೋನಿಯಂ, ತಬಲಾ ಮನೆಯಲ್ಲೇ ಇವೆ. 8 ಜಿಬಿ ರ‍್ಯಾಮಿನ ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಆಡಾಸಿಟಿ ಸಾಕು ಎನ್ನುತ್ತಾರೆ ಪಕ್ಕದ ಮನೆಯವರು. ಎಫ್‌ಎಲ್ ಸ್ಟುಡಿಯೋನೇ ಬೇಕು ಎನ್ನುತ್ತಾನೆ ಮಗ. ಬೆಂಗಳೂರಿನಲ್ಲಿರುವ ನಾದಿನಿಯ ಗಂಡ ಕ್ಯೂಬೇಸ್ ತಗೊಳ್ಳಿ ಎನ್ನುತ್ತಾರೆ. ಎಲ್ಲಾ ಸೇರಿ 15 ಸಾವಿರ ರೂಪಾಯಿ ಖರ್ಚು ಮಾಡಬಹುದು. ಯಾರ ಮಾತು ಕೇಳಲಿ?
(ಶಿರಸಿ ತಾಲೂಕಿನ ಓದುಗರೊಬ್ಬರು)

ಉತ್ತರ: ಅಕ್ಕಾ, ರೀಪರ್ ಎಂಬ ರೆಕಾರ್ಡಿಂಗ್ ಪ್ರೋಗ್ರಾಮ್ ಹಾಕಿಕೊಳ್ಳಿ. ನಿಮಗೆ ಸಲಹೆ ಕೊಟ್ಟ ಮೂವರೂ ತಪ್ಪು ಹೇಳಿಲ್ಲ. ಅವರವರು ಮಾಡುವ ಕೆಲಸಕ್ಕೆ ಅವರು ಹೇಳಿದ್ದು ಸರಿಯೇ. ನಿಮ್ಮ ಮನೆಯ ಕೆಲಸ ಬೇರೆ, ಅಷ್ಟೇ.

ಮಗ ಹೇಳಿದ ಎಫ್‌ಎಲ್ ಸ್ಟುಡಿಯೋ ಬೆಲ್ಜಿಯಂನವರದ್ದು. 1997ರಲ್ಲಿ ಬಂದಾಗ ಅದರ ಹೆಸರು ಫ್ರೂಟಿಲೂಪ್ಸ್. ಬೀಟ್ ಕೂರಿಸುವುದಕ್ಕೆ, ಲೂಪ್ ಕಟ್ಟುವುದಕ್ಕೆ ಅಂತಲೇ ಹುಟ್ಟಿದ್ದು. ಆ ಕೆಲಸದಲ್ಲಿ ಅದರ ಕೈ ಇವತ್ತಿಗೂ ಮೇಲು. ಆದರೆ ಕಡಿಮೆ ಬೆಲೆಯ ಫ್ರೂಟಿ ಆವೃತ್ತಿಯಲ್ಲಿ ಮೈಕಿನಿಂದ ದನಿ ರೆಕಾರ್ಡ್ ಮಾಡಲು ಬರುವುದೇ ಇಲ್ಲ. ಅದಕ್ಕೆ ಪ್ರೊಡ್ಯೂಸರ್ ಆವೃತ್ತಿ ಬೇಕು. ಹಾಡುವವರ ಮನೆಗೆ ಇದು ಮೊದಲು ಗೊತ್ತಿರಬೇಕಾದ ಸಂಗತಿ.

ಕ್ಯೂಬೇಸ್ ಹಳೆಯ ಹುಲಿ. ಜರ್ಮನಿಯ ಸ್ಟೈನ್‌ಬರ್ಗ್‌ನವರು 1989ರಲ್ಲಿ ತಂದಿದ್ದು. ಈಗ ಹೆಚ್ಚಿನ ಪ್ರೋಗ್ರಾಮುಗಳು ಬಳಸುವ, ಹೊರಗಿನ ವಾದ್ಯ, ಎಫೆಕ್ಟುಗಳನ್ನು ಜೋಡಿಸಿಕೊಳ್ಳುವ ವಿಎಸ್‌ಟಿ ಪ್ಲಗಿನ್ ಪದ್ಧತಿಯನ್ನು 1996ರಲ್ಲಿ ಹುಟ್ಟುಹಾಕಿದವರೂ ಅವರೇ. ದೊಡ್ಡ ವಾದ್ಯವೃಂದ ಕೂರಿಸುವವರಿಗೆ ಅದು ಬೇಕು. ನಿಮ್ಮ ಲ್ಯಾಪ್‌ಟಾಪಿಗೂ ಬಜೆಟ್ಟಿಗೂ ಪೂರ್ತಿ ಆವೃತ್ತಿ ಭಾರ. ಒಂದು ಮಾತು ಮಾತ್ರ ನೆನಪಿಡಿ: ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಕೆಲವು ಆಡಿಯೋ ಇಂಟರ್‌ಫೇಸ್‌ಗಳ ಪೆಟ್ಟಿಗೆಯೊಳಗೆ ಕ್ಯೂಬೇಸ್ ಅಥವಾ ಏಬಲ್ಟನ್ ಎಂಬ ಇನ್ನೊಂದು ಪ್ರೋಗ್ರಾಮಿನ ಚಿಕ್ಕ ಆವೃತ್ತಿಯ ಕೋಡ್ ಪುಕ್ಕಟೆಯಾಗಿ ಇರುತ್ತದೆ. ಇಂಟರ್‌ಫೇಸ್ ಕೊಂಡ ದಿನ ಆ ಚೀಟಿ ಎಸೆಯಬೇಡಿ.

ಆಡಾಸಿಟಿಯ ಬಗ್ಗೆ ನಾನು ಯಾವತ್ತೂ ಹಗುರವಾಗಿ ಮಾತಾಡುವುದಿಲ್ಲ. 2000ನೇ ಇಸವಿಯಿಂದ ಪುಕ್ಕಟೆ ಸಿಗುತ್ತಿರುವ ಪ್ರೋಗ್ರಾಮ್ ಅದು, ನಾನು ಕೆಲಸ ಕಲಿತಿದ್ದು ಅದರಲ್ಲೇ. ಒಬ್ಬರ ದನಿ, ಒಂದು ಮೈಕ್, ಹಾಡಿ ಮುಗಿಸಿ ಹಿಂದೆಮುಂದೆ ಕತ್ತರಿಸಿ ಕಳಿಸುವುದಾದರೆ ಬೇರೇನೂ ಬೇಡ. ನೀವು ಹಾರ್ಮೋನಿಯಂ, ತಬಲಾ, ದನಿ ಮೂರನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂರಿಸುತ್ತೀರಿ. ಮಗಳು ಒಂದೇ ಬಂದಿಶ್ ನಾಲ್ಕು ಸಲ ಹಾಡುತ್ತಾಳೆ, ಎರಡನೇ ಸಲದ ಸ್ಥಾಯಿ, ನಾಲ್ಕನೇ ಸಲದ ಅಂತರಾ ಚೆನ್ನಾಗಿರುತ್ತದೆ. ಆ ನಾಲ್ಕನ್ನೂ ಒಂದರ ಕೆಳಗೆ ಒಂದು ಇಟ್ಟುಕೊಂಡು ಆರಿಸುವುದು ರೀಪರ್‌ನಲ್ಲಿ ಬಹಳ ಸಲೀಸು.

ರೀಪರ್ ಮಾಡಿದಾತ ಜಸ್ಟಿನ್ ಫ್ರಾಂಕೆಲ್. ಕೆಸೆಟ್ ಹೋಗಿ ಎಂಪಿ3 ಬಂದ ಕಾಲದಲ್ಲಿ ನಾವೆಲ್ಲ ಹಾಡು ಕೇಳುತ್ತಿದ್ದ ವಿನ್‌ಆಂಪ್ ಕೂಡ ಆತನದ್ದೇ. ಡೌನ್‌ಲೋಡ್ ಹದಿನೈದಿಪ್ಪತ್ತು ಎಂಬಿ ಮಾತ್ರ. ಸಿಗ್ನಲ್ ಹುಡುಕಿಕೊಂಡು ದರೆ ಹತ್ತಬೇಕಾದ ನಮ್ಮ ಕಡೆಯವರಿಗೆ ಇದೂ ಒಂದು ದೊಡ್ಡ ಗುಣ. 60 ದಿನ ಪುಕ್ಕಟೆ ಬಳಸಿ ನೋಡಬಹುದು. ಮನೆಬಳಕೆಯ ಲೈಸೆನ್ಸಿಗೆ 60 ಡಾಲರ್, ನಮ್ಮ ಐದು ಸಾವಿರ ಚಿಲ್ಲರೆ. ಹಾಗಾಗಿ ಮೊದಲು ಎರಡು ಮೈಕ್ ಸಿಕ್ಕಿಸಬಹುದಾದ ಒಂದು ಇಂಟರ್‌ಫೇಸ್, ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ. ಎರಡು ತಿಂಗಳು ಹಾಡಿ. ಕೈಗೆ ಒಗ್ಗಿದರೆ ಆಮೇಲೆ ದುಡ್ಡು ಕೊಟ್ಟು ಲೈಸೆನ್ಸ್ ಮಾಡಿಸಿ.

ಹಾಕಿದ ಮೇಲೆ ಮೊದಲು ಮಾಡಬೇಕಾದ್ದು ಒಂದಿದೆ. ಇಂಥ ಪ್ರೋಗ್ರಾಮುಗಳು ತೆರೆದ ಕೂಡಲೇ ನಿಮಿಷಕ್ಕೆ 120 ಬೀಟ್, ನಾಲ್ಕರ ತಾಳ ಅಂತ ತಾವೇ ಗೀಟು ಹಾಕಿಕೊಂಡು ಕೂರುತ್ತವೆ. ವಿಲಂಬಿತದಲ್ಲಿ ಹಾಡುವ ಹುಡುಗಿಗೆ ಆ ಗೀಟಿನಿಂದ ಏನೂ ಉಪಕಾರವಿಲ್ಲ. ಮೆಟ್ರೋನೋಮ್ ನಿಲ್ಲಿಸಿ, ಸ್ನ್ಯಾಪ್ ಬಟನ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಆಲಾಪದ ತುದಿ ಕತ್ತರಿಸಲು ಹೋದಾಗ ಕತ್ತರಿ ತಾನಾಗಿ ಹಾರಿ ಗೀಟಿನ ಮೇಲೆ ಬೀಳುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ಅರ್ಧ ಹೋಗುತ್ತದೆ. ಆಮೇಲೆ ರೆಕಾರ್ಡಿಂಗಿನ ಗುಣಮಟ್ಟವನ್ನು 48,000 ಹರ್ಟ್ಸ್, 24 ಬಿಟ್ ಎಂದು ಒಮ್ಮೆ ಇಟ್ಟುಬಿಡಿ, ಮತ್ತೆ ಮುಟ್ಟಬೇಡಿ.

ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಕೇಳಿಸಿದರೆ ಹೆದರಬೇಡಿ, ಪ್ರೋಗ್ರಾಮನ್ನು ಬೈಯಲೂಬೇಡಿ. ಅದು ಬಫರ್ ಲೆಕ್ಕ, ಅಂದರೆ ಕಂಪ್ಯೂಟರ್ ದನಿಯ ಎಷ್ಟು ತುಣುಕನ್ನು ಕೂಡಿಟ್ಟುಕೊಂಡು ಒಮ್ಮೆಗೆ ಕಳಿಸುತ್ತದೆ ಎಂಬುದು. ಬಫರ್ 1024 ಇದ್ದರೆ ದನಿ ಒಳಗೆ ಹೋಗಲು 21 ಮಿಲಿಸೆಕೆಂಡ್, ಹೊರಬರಲು ಮತ್ತೆ ಅಷ್ಟೇ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಗೆ ನೋಡಿದರೆ ತಬಲಾದವರು 14 ಮೀಟರ್ ಆಚೆ, ಅಂಗಳ ದಾಟಿ ಕೊಟ್ಟಿಗೆಯಲ್ಲಿ ಕೂತು ಬಾರಿಸಿದ ಹಾಗಾಯಿತು. ಯಾರಿಗೆ ತಾಳ ನಿಲ್ಲುತ್ತದೆ? ಹಾಡುವಾಗ ಬಫರನ್ನು 128ಕ್ಕೆ ಇಳಿಸಿ, ತಬಲಾ ಎರಡು ಮೀಟರಿನೊಳಗೆ ಬಂದು ಕೂರುತ್ತದೆ. ಹಾಡಿ ಮುಗಿದು ಮಿಕ್ಸಿಂಗ್ ಮಾಡುವಾಗ ಮತ್ತೆ 1024ಕ್ಕೆ ಏರಿಸಿದರೆ ಹಳೆಯ ಲ್ಯಾಪ್‌ಟಾಪಿಗೆ ಉಸಿರಾಡಲು ಆಗುತ್ತದೆ. ಇಂಟರ್‌ಫೇಸಿನಲ್ಲಿ ಮೈಕಿನ ದನಿಯನ್ನು ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಸ್ವಿಚ್ ಇದ್ದರೆ ಈ ತಾಪತ್ರಯವೇ ಇಲ್ಲ.

ಉಸಿರು ಅಂದಾಗ ನೆನಪಾಯಿತು. ನಾನು ಹೊಸತಾಗಿ ಎಡಿಟಿಂಗ್ ಕಲಿತಾಗ ನಮ್ಮ ದೊಡ್ಡಮ್ಮನ ಹತ್ತಿರ ಮದುವೆ ಹಾಡು ಹೇಳಿಸಿ ರೆಕಾರ್ಡ್ ಮಾಡಿದ್ದೆ. ಆಗ ಅವಳಿಗೆ ಎಂಬತ್ತರ ಹತ್ತಿರ. ಸಾಲಿಗೊಮ್ಮೆ ಉಸಿರು ಎಳೆದುಕೊಳ್ಳುವ ಸದ್ದು ಬರುತ್ತಿತ್ತು. ಮೂರು ರಾತ್ರಿ ಕೂತು ಒಂದೊಂದೇ ಉಸಿರು ಹುಡುಕಿ ಕತ್ತರಿಸಿದೆ. ಸ್ಕ್ರೀನಿನ ಮೇಲೆ ಬಹಳ ಚೊಕ್ಕ ಕಾಣುತ್ತಿತ್ತು. ಅವಳಿಗೆ ಹೆಡ್‌ಫೋನ್ ಹಾಕಿ ಕೇಳಿಸಿದರೆ ಅರ್ಧ ಹಾಡಿಗೇ ತೆಗೆದು ಕೈಗೆ ಕೊಟ್ಟಳು. "ಅಪ್ಪೀ, ಇದು ಆನು ಹೇಳಿದ್ದಲ್ಲ. ಇದ್ರಲ್ಲಿ ಉಸ್ರೇ ಇಲ್ಲೆ" ಅಂದಳು. ಅವತ್ತಿನಿಂದ ಉಸಿರಿನ ಸದ್ದನ್ನು ಸ್ವಲ್ಪ ತಗ್ಗಿಸುತ್ತೇನೆಯೇ ಹೊರತು ತೆಗೆಯುವುದಿಲ್ಲ. ಮಗಳ ಹಾಡಿಗೂ ಹಾಗೇ ಮಾಡಿ. ಅವಳ ದನಿಗೆ ಸ್ವರ ತಿದ್ದುವ ಆಟೋಟ್ಯೂನ್ ಹಚ್ಚುವುದಂತೂ ಬೇಡವೇ ಬೇಡ. ಅದು ಹನ್ನೆರಡು ಸಮಪಾಲಿನ ಮನೆಗಳಿಗೆ ಸ್ವರವನ್ನು ನೂಕುತ್ತದೆ, ಆಂದೋಲನದ, ಅಂದರೆ ಮೆಲ್ಲಗೆ ತೂಗುವ ಗಾಂಧಾರ ಆ ಮನೆಗಳಲ್ಲಿ ವಾಸ ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಹಂಚಿನ ಮನೆ, ಹಿಂಬದಿ ತಗಡಿನ ಮಾಡು. ಮಳೆಗಾಲದಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಮಳೆ ಸದ್ದೇ ಜಾಸ್ತಿ. ಅದನ್ನು ಪೂರ್ತಿ ತೆಗೆಯುವ ಸಾಫ್ಟ್‌ವೇರ್ ಯಾವುದು?
(ಸಿದ್ದಾಪುರ)

ಉತ್ತರ: ಹಾಡಿಗೆ ಪೆಟ್ಟಾಗದ ಹಾಗೆ ಪೂರ್ತಿ ತೆಗೆಯುವಂಥದ್ದು ನನ್ನ ಕೈಗೆ ಸಿಕ್ಕಿಲ್ಲ. ಮಳೆಯ ಸದ್ದು ಕೆಳಗಿನ ಸ್ವರದಿಂದ ಮೇಲಿನವರೆಗೆ ಎಲ್ಲ ಕಡೆ ಹರಡಿಕೊಂಡಿರುತ್ತದೆ, ಹಾಡುವ ದನಿಯೂ ಅಲ್ಲೇ ಇರುತ್ತದೆ. ಒಂದನ್ನು ತಿಕ್ಕಿದರೆ ಇನ್ನೊಂದು ಸವೆಯುತ್ತದೆ. ಜೀರುಂಡೆಯದ್ದು ಹಾಗಲ್ಲ, ಅದು ಮೇಲುಗಡೆ ಒಂದು ಸಣ್ಣ ಪಟ್ಟಿಯಲ್ಲಿ ಕೂತು ಕೂಗುತ್ತದೆ, ಈಕ್ಯೂ ಅಂದರೆ ಈಕ್ವಲೈಜರಿನಲ್ಲಿ ಆ ಪಟ್ಟಿಯನ್ನಷ್ಟೇ ಇಳಿಸಿದರೆ ಬಹುಪಾಲು ಹೋಗುತ್ತದೆ.

ತಂಬೂರಿ ಇರುವ ರೆಕಾರ್ಡಿಂಗಿಗೆ ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಒಂದೇ ಸಮನೆ ಬರುವ ಸದ್ದನ್ನೆಲ್ಲ ಅದು ಕಸ ಎಂದು ತಿಳಿಯುತ್ತದೆ, ತಂಬೂರಿಯೂ ಒಂದೇ ಸಮನೆ ಬರುವ ಸದ್ದೇ ಅಲ್ಲವೇ. ಸದ್ದಿನ ಮಾದರಿ ತೆಗೆದುಕೊಡುವಾಗ ತಂಬೂರಿ ಶುರುವಾಗುವ ಮುಂಚಿನ ಎರಡು ಮೂರು ಸೆಕೆಂಡಿನ ಖಾಲಿ ಜಾಗವನ್ನೇ ಕೊಡಿ. ಅದಕ್ಕೋಸ್ಕರ ರೆಕಾರ್ಡ್ ಬಟನ್ ಒತ್ತಿ, ಎಲ್ಲರೂ ಸುಮ್ಮನೆ ಐದು ಎಣಿಸಿ, ಆಮೇಲೆ ಶುರು ಮಾಡುವ ರೂಢಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ನಾನು ತಗಡಿನ ಮಾಡಿನ ಕಡೆ ಹೋಗುವುದೇ ಇಲ್ಲ. ನಡುಮನೆಯಲ್ಲಿ ಎರಡು ಕಂಬಳಿ ಇಳಿಬಿಟ್ಟು, ಹಾಡುವವರ ಬೆನ್ನ ಹಿಂದೆ ಅಡಿಕೆ ಚೀಲ ಪೇರಿಸಿ, ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿ ಇಡುತ್ತೇನೆ. ಮೈಕ್ ಹತ್ತಿರ ಬಂದಷ್ಟೂ ಮಳೆ ದೂರ ಹೋಗುತ್ತದೆ. ಕಂಡೆನ್ಸರ್ ಮೈಕನ್ನು ಕೆಲಸ ಮುಗಿದ ತಕ್ಷಣ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಆಷಾಢದಲ್ಲಿ ಹೊರಗೆ ಬಿಟ್ಟ ನನ್ನ ಒಂದು ಮೈಕು ಚಟಪಟ ಸದ್ದು ಮಾಡಲು ಶುರು ಮಾಡಿದ್ದು ದೀಪಾವಳಿವರೆಗೂ ನಿಲ್ಲಿಸಲಿಲ್ಲ.

ಪ್ರಶ್ನೆ: ನಮ್ಮೂರ ಬಯಲಾಟದ ಹಿಮ್ಮೇಳವನ್ನು ನಾಲ್ಕು ಮೈಕಿನಲ್ಲಿ, ಇಡೀ ರಾತ್ರಿ ರೆಕಾರ್ಡ್ ಮಾಡಬೇಕು. ಮಧ್ಯದಲ್ಲಿ ಕೈಕೊಡದ ಪ್ರೋಗ್ರಾಮ್ ಯಾವುದು?
(ಹೊನ್ನಾವರ)

ಉತ್ತರ: ಇದಕ್ಕೂ ರೀಪರ್ ಎನ್ನುತ್ತೇನೆ, ಲೆಕ್ಕ ತೋರಿಸಿಯೇ ಹೇಳುತ್ತೇನೆ. 48,000 ಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿಗೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ. ನಾಲ್ಕು ಮೈಕಿಗೆ ಗಂಟೆಗೆ ಎರಡು ಜಿಬಿ, ಆರು ಗಂಟೆಯ ಆಟಕ್ಕೆ ಹನ್ನೆರಡೂವರೆ. ಡಿಸ್ಕಿನಲ್ಲಿ 30 ಜಿಬಿ ಖಾಲಿ ಇಟ್ಟುಕೊಂಡು ಹೋಗಿ. ಇನ್ನೊಂದು ಗುಟ್ಟು: ದನಿ ಉಳಿಸಿಡುವ ಮಾಮೂಲಿ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. ಎರಡು ಮೈಕನ್ನು ಒಂದೇ ಸ್ಟೀರಿಯೋ ಫೈಲಿಗೆ ಹಾಕಿದರೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಆ ಗೆರೆ ಬರುತ್ತದೆ, ಅಂದರೆ ಪ್ರಸಂಗ ರಂಗೇರಿದ ಹೊತ್ತಿಗೆ ಸರಿಯಾಗಿ. ರೀಪರ್‌ನಲ್ಲಿ ದೊಡ್ಡ ಫೈಲಿಗೆ ತಾನಾಗಿ ಆರ್‌ಎಫ್64 ಪದ್ಧತಿಗೆ ಬದಲಾಗುವ ಆಯ್ಕೆ ಇದೆ. ಅದನ್ನು ಹಾಕಿಕೊಳ್ಳಿ, ಅಥವಾ ಪ್ರತಿ ಮೈಕನ್ನು ಬೇರೆ ಬೇರೆ ಮೋನೋ ಟ್ರ್ಯಾಕಿಗೆ ಕೊಡಿ.

ಪ್ರೋ ಟೂಲ್ಸ್ ಎಂಬ ಇನ್ನೊಂದು ಪ್ರೋಗ್ರಾಮಿನ ಪುಕ್ಕಟೆ ಇಂಟ್ರೋ ಆವೃತ್ತಿಯಲ್ಲೂ 8 ಆಡಿಯೋ ಟ್ರ್ಯಾಕ್ ಸಿಗುತ್ತವೆ, ನಿಮ್ಮ ನಾಲ್ಕಕ್ಕೆ ಧಾರಾಳ. ಹಳೆಯ ಲ್ಯಾಪ್‌ಟಾಪಿಗೆ ಅದು ಭಾರ ಎಂದು ನನಗೆ ಕಂಡಿದೆ.

ಮೈಕು ಹೀಗೆ ಹಂಚಿ: ಭಾಗವತರಿಗೆ ಒಂದು, ಮದ್ದಲೆಗೆ ಒಂದು, ಚಂಡೆಗೆ ಒಂದು, ನಾಲ್ಕನೆಯದು ಎದುರಿಗೆ ಸ್ವಲ್ಪ ದೂರದಲ್ಲಿ, ಆಟ ನೋಡುವವರ ಕಿವಿಯ ಹಾಗೆ. ಚಂಡೆಗೆ ಕಂಡೆನ್ಸರ್ ಇಡಬೇಡಿ, ಗಟ್ಟಿ ಡೈನಮಿಕ್ ಮೈಕ್ ಇಡಿ. ಚೌಕಿ ಪೂಜೆ ಹೊತ್ತಿನ ಚಂಡೆ ಕೇಳಿ ಮಟ್ಟ ಇಟ್ಟರೆ ಯುದ್ಧದ ಹೊತ್ತಿಗೆ ಕೆಂಪು ದೀಪ ಹತ್ತುತ್ತದೆ. ಹಾಗೆ ಒಡೆದ ದನಿಯನ್ನು ಆಮೇಲೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಚಂಡೆಯವರ ಹತ್ತಿರ ಕೇಳಿಕೊಂಡು ಅವರ ಪೂರ್ತಿ ಪೆಟ್ಟು ಒಮ್ಮೆ ಹೊಡೆಸಿ, ಅದು ಮೈನಸ್ 12 ಡೆಸಿಬಲ್‌ಗೆ ನಿಲ್ಲುವಂತೆ ಇಡಿ. 24 ಬಿಟ್‌ನಲ್ಲಿ ಸಣ್ಣಗೆ ರೆಕಾರ್ಡ್ ಆದರೂ ನಷ್ಟವಿಲ್ಲ, ಆಮೇಲೆ ಏರಿಸಬಹುದು.

ಆಮೇಲೆ ಕೂತು ಪದಗಳನ್ನು ಕತ್ತರಿಸುವಾಗ ತಾಳದ ಗೀಟು ಬೇಕೇಬೇಕು ಎನಿಸಿದರೆ ಝಂಪೆಗೆ 10, ತ್ರಿವುಡೆಗೆ 7 ಎಂದು ಕೊಡಬಹುದು. ಆದರೆ ಭಾಗವತರು ಕುಣಿಯುವವರ ಕಾಲು ನೋಡಿ ಲಯ ಏರಿಸುತ್ತಾರೆ, ಇಳಿಸುತ್ತಾರೆ. ಗೀಟನ್ನು ಅವರ ಹಿಂದೆ ಎಳೆದುಕೊಂಡು ಹೋಗಿ, ಅವರನ್ನು ಗೀಟಿಗೆ ಎಳೆಯಬೇಡಿ. ಮಧ್ಯರಾತ್ರಿ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಇಟ್ಟುಕೊಂಡು ಲ್ಯಾಪ್‌ಟಾಪ್ ಬ್ಯಾಟರಿ ಹೊಸತು ಹಾಕಿಸಿ. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ವಿದ್ಯುತ್ ತೆಗೆದುಕೊಳ್ಳುವಂಥದ್ದಾಗಿರಲಿ.

ಪ್ರಶ್ನೆ: ನಾನು ಕೊಂಕಣಿ, ಕನ್ನಡ ಎರಡರಲ್ಲೂ ರ‍್ಯಾಪ್ ಬರೆಯುತ್ತೇನೆ, ಬೀಟ್ ನಾನೇ ಮಾಡಬೇಕು. ಏಬಲ್ಟನ್ ಒಳ್ಳೆಯದೋ ಎಫ್‌ಎಲ್ ಸ್ಟುಡಿಯೋನೋ?
(ಕಾರವಾರ)

ಉತ್ತರ: ತಮ್ಮಾ, ನಿನಗೆ ಎಫ್‌ಎಲ್. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಜೀವನಪರ್ಯಂತ ಪುಕ್ಕಟೆ, ಕಾಲೇಜು ಓದುವವರಿಗೆ ಇದು ದೊಡ್ಡದು. ದನಿ ರೆಕಾರ್ಡ್ ಮಾಡಲು ಪ್ರೊಡ್ಯೂಸರ್ ಆವೃತ್ತಿಯೇ ಬೇಕು ಎಂದು ಮೇಲೆ ಹೇಳಿದ್ದೇನೆ. ಟ್ರಯಲ್‌ನಲ್ಲಿ ಎಲ್ಲ ಕೆಲಸ ಮಾಡಬಹುದು, ಸೇವ್ ಕೂಡ ಆಗುತ್ತದೆ, ಆದರೆ ಮುಚ್ಚಿದ ಮೇಲೆ ಆ ಪ್ರಾಜೆಕ್ಟ್ ಮತ್ತೆ ತೆರೆಯುವುದಿಲ್ಲ. ಹಾಗಾಗಿ ಮುಚ್ಚುವ ಮುಂಚೆ ವೇವ್ ತೆಗೆದುಕೋ. ವೇದಿಕೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಲ್ಲೇ ತುಣುಕು ಜೋಡಿಸುತ್ತಾ ಹಾಡುವ ಆಸೆ ಇದ್ದರೆ ಮಾತ್ರ ಏಬಲ್ಟನ್ ಲೈವ್ ನೋಡು. ಅದನ್ನು 2001ರಲ್ಲಿ ಬರ್ಲಿನ್‌ನವರು ತಂದಿದ್ದೇ ಆ ಕೆಲಸಕ್ಕೆ, ಹೆಸರೂ ಅದೇ. ಕೈಯಲ್ಲಿ ಫೋನ್ ಮಾತ್ರ ಇರುವ ದಿನಗಳಿಗೆ ಬ್ಯಾಂಡ್‌ಲ್ಯಾಬ್ ಸಾಕು, ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್.

ಒಂದು ಕೋರಿಕೆ. ಅವರಿವರು ಹಂಚಿದ ಡ್ರಮ್ ತುಣುಕುಗಳನ್ನೇ ನೆಚ್ಚಿಕೊಳ್ಳಬೇಡ. ಬೆಳಿಗ್ಗೆ ಕಡಲದಂಡೆಗೆ ಹೋಗು. ರಂಪಣಿ ಬಲೆ ಎಳೆಯುವವರು ಒಟ್ಟಿಗೆ ಹಾಕುವ ಕೂಗು, ದೋಣಿಯ ಇಂಜಿನ್ ಹಿಡಿದುಕೊಳ್ಳುವ ಮೊದಲ ನಾಲ್ಕು ಗುಟುರು, ಮೀನಿನ ಬುಟ್ಟಿ ನೆಲಕ್ಕೆ ಕುಕ್ಕುವ ಸದ್ದು. ಕೇಳಿ ಒಪ್ಪಿಗೆ ಪಡೆದು ರೆಕಾರ್ಡ್ ಮಾಡು. ಆ ಬೀಟ್ ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಪ್ರಶ್ನೆ: ಕ್ರ್ಯಾಕ್ ಮಾಡಿದ ಆವೃತ್ತಿ ಗೆಳೆಯರು ಕೊಡುತ್ತಾರೆ. ಹಾಕಬಹುದೇ?
(ಭಟ್ಕಳ)

ಉತ್ತರ: ಬೇಡ. ಆಡಾಸಿಟಿ, ಬ್ಯಾಂಡ್‌ಲ್ಯಾಬ್, ಟ್ರ್ಯಾಕ್ಷನ್‌ನವರ ವೇವ್‌ಫಾರ್ಮ್ ಫ್ರೀ ಇವೆಲ್ಲ ಪುಕ್ಕಟೆಯೇ ಸಿಗುವಾಗ ಕದ್ದಿದ್ದು ಯಾಕೆ? ಲಿನಕ್ಸ್ ಹಾಕಿಕೊಂಡವರಿಗೆ ಆರ್ಡರ್ (Ardour) ಎಂಬ ಪ್ರೋಗ್ರಾಮ್ ಇದೆ. ನಾಳೆ ನಿಮ್ಮ ಹಾಡನ್ನು ಯಾರೋ ಹಾಗೇ ಎತ್ತಿಕೊಂಡರೆ ನಿಮಗೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಮನೆಯಲ್ಲಿ ರೀಪರ್‌ನಲ್ಲಿ ಹಾಡಿ, ಮಿಕ್ಸಿಂಗಿಗೆ ಹುಬ್ಬಳ್ಳಿಯ ಸ್ಟುಡಿಯೋಗೆ ಕಳಿಸಬೇಕು. ಅವರದ್ದು ಪ್ರೋ ಟೂಲ್ಸ್. ನಾನೂ ಅದನ್ನೇ ಕೊಳ್ಳಬೇಕೇ?
(ಕುಮಟಾ)

ಉತ್ತರ: ಬೇಕಾಗಿಲ್ಲ. ಒಂದರ ಪ್ರಾಜೆಕ್ಟ್ ಇನ್ನೊಂದರಲ್ಲಿ ನೇರ ತೆರೆಯುವುದಿಲ್ಲ, ಆದರೆ ವೇವ್ ಫೈಲ್ ಎಲ್ಲದರಲ್ಲೂ ತೆರೆಯುತ್ತದೆ. ಪ್ರತಿ ಟ್ರ್ಯಾಕನ್ನು ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ಬೇರೆ ಬೇರೆ ವೇವ್ ಮಾಡಿ. ಹಾಡು ಶುರುವಾಗಿ ಎರಡು ನಿಮಿಷಕ್ಕೆ ಬರುವ ಕೊಳಲಿಗೂ ಮೊದಲ ಎರಡು ನಿಮಿಷದ ಮೌನ ಸೇರಿಯೇ ಇರಲಿ. ಆಗ ಅವರು ಎಲ್ಲವನ್ನೂ ಎಡತುದಿಗೆ ಜೋಡಿಸಿದರೆ ತಾನಾಗಿ ಕೂರುತ್ತದೆ. ಫೈಲಿನ ಹೆಸರಿನಲ್ಲಿ ವಾದ್ಯ ಬರೆಯಿರಿ, ಜೊತೆಗೊಂದು ಚೀಟಿಯಲ್ಲಿ ಶ್ರುತಿ ಬರೆಯಿರಿ, ಕಪ್ಪು ಒಂದೋ ಬಿಳಿ ನಾಲ್ಕೋ ಎಂದು.

ಹೀಗೆ ವೇವ್ ಮಾಡಿಡುವುದು ಸ್ಟುಡಿಯೋಗೆ ಕೊಡಲು ಮಾತ್ರ ಅಲ್ಲ. ಕೇಕ್‌ವಾಕ್ ಸೋನಾರ್ ಎಂಬ ದೊಡ್ಡ ಹೆಸರಿನ ಪ್ರೋಗ್ರಾಮನ್ನು ಅದರ ಮಾಲೀಕರಾದ ಗಿಬ್ಸನ್ 2017ರಲ್ಲಿ ನಿಲ್ಲಿಸಿಯೇಬಿಟ್ಟರು. 2018ರಲ್ಲಿ ಬ್ಯಾಂಡ್‌ಲ್ಯಾಬ್‌ನವರು ಕೊಂಡು ಉಳಿಸಿದ್ದಕ್ಕೆ ಎಷ್ಟೋ ಜನರ ಹಳೆಯ ಪ್ರಾಜೆಕ್ಟ್ ಉಳಿದುಕೊಂಡವು. ಎಲ್ಲ ಪ್ರೋಗ್ರಾಮಿಗೂ ಅಂಥ ಅದೃಷ್ಟ ಇರುತ್ತದೆಂದು ನಂಬಿ ಕೂರಬೇಡಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಉಸಿರಿನ ಮಾತು ಹೇಳಿದ ಅದೇ ದೊಡ್ಡಮ್ಮನ ಹತ್ತಿರ ಮಾರನೇ ವರ್ಷ ಹನ್ನೊಂದು ಹಾಡು ಹೇಳಿಸಿ ರೆಕಾರ್ಡ್ ಮಾಡಿದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸುವ ಮುಂಚೆ ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಅದು ಕೆಲವೇ ಕೆಬಿ ಇತ್ತು. ಅನುಮಾನ ಬರಬೇಕಿತ್ತು, ಬರಲಿಲ್ಲ. ದನಿ ಇದ್ದಿದ್ದು ಪಕ್ಕದ ಫೋಲ್ಡರಿನಲ್ಲಿ. ಆಮೇಲೆ ತೆರೆದರೆ ಹನ್ನೊಂದು ಟ್ರ್ಯಾಕೂ ಕಂಡವು. ಹಾಡಿನ ಹೆಸರು ಇತ್ತು, ನಾನು ಹಚ್ಚಿದ ಬಣ್ಣ ಇತ್ತು, ಕತ್ತರಿಸಿದ ಗೆರೆಗಳಿದ್ದವು. ದನಿ ಇರಲಿಲ್ಲ. ದೊಡ್ಡಮ್ಮ ಬೈಯಲಿಲ್ಲ, ಮತ್ತೆ ಕೂತು ಹೇಳಿದಳು. ಏಳು ಬಂದವು. ನಾಲ್ಕು ಅವಳಿಗೆ ನೆನಪೇ ಆಗಲಿಲ್ಲ, ಮೊದಲ ಸಾಲು ಶುರುಮಾಡಿ ನಿಲ್ಲಿಸಿಬಿಡುತ್ತಿದ್ದಳು. ಈಗ ಅವಳೂ ಇಲ್ಲ.

ಅದಕ್ಕೇ ಹೇಳುತ್ತೇನೆ: ಪ್ರಾಜೆಕ್ಟಿನ ಇಡೀ ಫೋಲ್ಡರ್, ಜೊತೆಗೆ ಪ್ರತಿ ಟ್ರ್ಯಾಕಿನ ವೇವ್, ಎರಡು ಬೇರೆ ಡಿಸ್ಕಿನಲ್ಲಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಕಾಪಿ ಆದ ಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಕಿವಿಯಿಂದ ಕೇಳಿ ನೋಡಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಊರಿನ ಹಾಲಕ್ಕಿ ಅಜ್ಜಿಯರ ಹಾಡು ರೆಕಾರ್ಡ್ ಮಾಡಬೇಕೆಂದಿದೆ. ಫೋನ್ ಬಿಟ್ಟು ಏನೂ ಇಲ್ಲ. ಯಾವ ಸಾಫ್ಟ್‌ವೇರ್ ಕಲಿತು ಶುರು ಮಾಡಲಿ?
(ಅಂಕೋಲಾ)

ಉತ್ತರ: ಟೀಚರೇ, ಕಲಿಯಲು ಕಾಯಬೇಡಿ. ಈ ಭಾನುವಾರವೇ ಹೋಗಿ. ನಿಮ್ಮ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಓರಗೆಯವರು ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂದು ನಿಮಗೇ ಗೊತ್ತು.

ಫೋನಿನಲ್ಲಿ ವೇವ್ ಅಥವಾ ಲಾಸ್‌ಲೆಸ್ ಎಂಬ ಆಯ್ಕೆ ಇರುವ ರೆಕಾರ್ಡರ್ ಆಪ್ ಹಾಕಿ, ಅದರಲ್ಲಿ ನಾಯ್ಸ್ ಸಪ್ರೆಷನ್ ಇದ್ದರೆ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೈಯಲ್ಲಿ ಹಿಡಿಯದೆ ಮಡಚಿದ ಟವೆಲ್ ಮೇಲೆ ಇಡಿ, ಹಾಡುವವರಿಂದ ಒಂದು ಮೊಳ ದೂರ. ಫ್ಯಾನ್ ನಿಲ್ಲಿಸಿ. ಮೊದಲು ದಿನಾಂಕ, ಊರು, ಹಾಡುವವರ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ, ಇದನ್ನು ಯಾರಿಗೆಲ್ಲ ಕೇಳಿಸಬಹುದು ಎಂದೂ ಅವರನ್ನೇ ಕೇಳಿ. ಮನೆಗೆ ಬಂದು ಆಡಾಸಿಟಿಯಲ್ಲಿ ಹಿಂದೆಮುಂದೆ ಕತ್ತರಿಸುವುದು ಒಂದು ಮಧ್ಯಾಹ್ನದ ಕಲಿಕೆ. ಕತ್ತರಿಸದ ಮೂಲ ಫೈಲನ್ನು ಮಾತ್ರ ಯಾವತ್ತೂ ಅಳಿಸಬೇಡಿ.

ಹಾಡು ನಿಂತ ಕೂಡಲೇ ಫೋನಿಗೆ ಕೈ ಹಾಕಬೇಡಿ. ಎರಡು ನಿಮಿಷ ಸುಮ್ಮನೆ ಕೂತಿರಿ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ಅವರು ಆ ಹಾಡನ್ನು ಯಾರಿಂದ ಕಲಿತರು, ನೆಟ್ಟಿಗೋ ಸುಗ್ಗಿಗೋ ಮದುವೆಗೋ ಎಂದು ತಾವಾಗಿ ಹೇಳಲು ಶುರುಮಾಡುತ್ತಾರೆ, ಕೆಲವೊಮ್ಮೆ ಬಿಟ್ಟುಹೋದ ಒಂದು ಸಾಲೂ ಆಗಲೇ ನೆನಪಾಗುತ್ತದೆ. ಅದೂ ರೆಕಾರ್ಡ್ ಆಗಲಿ.